ಕೊಡಗಿನವರೆಲ್ಲ ಸಾಹುಕಾರರೇ?

ಕೊಡಗಿನವರು ಎಂದೊಡನೆ ಬಯಲುಸೀಮೆಯವರ ಕಣ್ಣಿಗೆ ಕಟ್ಟುವುದು ಕಾಫಿ ತೋಟ, ಜೀಪು, ಕೋವಿ. ಒಂದು ಕೊಡವ ಮದುವೆಯ ಊಟ ಉಂಡು ಬಂದವರಂತೂ ಇನ್ನಷ್ಟು ಸೇರಿಸಿಯೇ ಹೇಳುತ್ತಾರೆ. ಸೇನಾನಿಗಳಾದ ಕಾರ್ಯಪ್ಪ, ತಿಮ್ಮಯ್ಯ ಅವರ ದೊಡ್ಡ ಹೆಸರುಗಳು ಇಡೀ ಜಿಲ್ಲೆಗೆ ಸಮವಸ್ತ್ರ ತೊಡಿಸಿಬಿಟ್ಟಿವೆ.

ಆದರೆ ಕೊಡಗೆಂದರೆ ಕೊಡವರಷ್ಟೇ ಅಲ್ಲ; ಅರೆಭಾಷೆ ಗೌಡರು, ಐರಿಗಳು, ಯರವರು, ಜೇನುಕುರುಬರೂ ಅಲ್ಲಿಯವರೇ. ತೋಟ ಉಳ್ಳವರಲ್ಲೂ ಬಹುಪಾಲು ಸಣ್ಣ ಬೆಳೆಗಾರರು. ಕಾಫಿಯ ಹೂವರಳಿಸುವ ಹೂಮಳೆ ತಪ್ಪಿದರೆ ಆ ವರ್ಷದ ಫಸಲು ಹೋಯಿತು. ಅರೇಬಿಕಾ ಕಾಫಿಗೆ ಬಿಳಿ ಕಾಂಡಕೊರಕ ಹುಳು ಹಿಡಿದರೆ ಗಿಡವನ್ನೇ ಕಿತ್ತು ಸುಡಬೇಕು. ಉಳಿದದ್ದಕ್ಕೆ ಆನೆಗಳಿವೆ. 2018ರ ಆಗಸ್ಟ್ ಮಳೆಯಲ್ಲಿ ಕೆಲವರ ತೋಟ ಗುಡ್ಡದ ಸಮೇತ ಜಾರಿಹೋಯಿತು. ‘ಸಾಹುಕಾರರು’ ಪರಿಹಾರ ಕೇಂದ್ರದ ಚಾಪೆಯ ಮೇಲೆ ಮಲಗಿದರು. ತೋಟದ ಕಾರ್ಮಿಕರ ಲೈನ್‌ಮನೆಗಳ ಬದುಕು ಇನ್ನೂ ಬೇರೆ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಗುಡಿಸಲುಗಳನ್ನು ಕೆಡವಿದಾಗ ಬಯಲಿಗೆ ಬಿದ್ದ ಆದಿವಾಸಿಗಳೂ ಇದೇ ಶ್ರೀಮಂತ ಜಿಲ್ಲೆಯವರು.

ಕೊಡಗಿನವರೆಲ್ಲ ಸಾಹುಕಾರರೆಂಬ ಕಲ್ಪನೆ ಬರಿಯ ಹರಟೆಯಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅನುಕೂಲಸ್ಥರ ಜಿಲ್ಲೆಗೆ ಏನು ಕೊರತೆ ಎಂಬ ಧೋರಣೆಗೆ ಅದೇ ಗೊಬ್ಬರ. ತುರ್ತು ಚಿಕಿತ್ಸೆಗೆ ಮೈಸೂರು, ಮಂಗಳೂರಿನ ಹಾದಿ ಹಿಡಿದು ಬೇಸತ್ತ ಜನ 2019ರಲ್ಲಿ ಸುಸಜ್ಜಿತ ಆಸ್ಪತ್ರೆಗಾಗಿ ಜಾಲತಾಣಗಳಲ್ಲಿ ಅಭಿಯಾನವನ್ನೇ ನಡೆಸಬೇಕಾಯಿತು.