ಮೂರು ಸಾವಿರ ಮಿಲಿಮೀಟರಿನ ಬರ

2018ರ ಆಗಸ್ಟಿನಲ್ಲಿ ಕರಾವಳಿಯ ನೇತ್ರಾವತಿ, ಕುಮಾರಧಾರಾ ಹೊಳೆಗಳೆರಡೂ ದಡ ಮೀರಿ ಹರಿದವು. ಒಂಬತ್ತೇ ತಿಂಗಳು ಕಳೆದು 2019ರ ಮೇ ಬಂದಾಗ ನೇತ್ರಾವತಿ ಬತ್ತಿತ್ತು. ಯಾತ್ರೆಯನ್ನು ಮುಂದೂಡಿರೆಂದು ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು ಭಕ್ತರನ್ನು ಕೇಳಿಕೊಳ್ಳಬೇಕಾಯಿತು. ತುಂಬೆಯ ಅಣೆಕಟ್ಟಿನಲ್ಲಿ ನೀರಿಳಿದು ಮಂಗಳೂರಿನ ನಲ್ಲಿಗಳಿಗೆ ಸರದಿ ಬಂತು. ಹಿಂದಿನ ಮಳೆಗಾಲದ ಲೆಕ್ಕದಲ್ಲಿ ಮಾತ್ರ ಕರಾವಳಿಗೆ ಬರವಿರಲಿಲ್ಲ.

ಈ ಲೆಕ್ಕ ಹೇಗೆ ನಡೆಯುತ್ತದೆ ನೋಡಿ. ವಾಡಿಕೆಗಿಂತ ಮಳೆ ಶೇ. 26ರಿಂದ 50ರಷ್ಟು ಕಡಿಮೆಯಾದರೆ ಹವಾಮಾನ ಇಲಾಖೆಗೆ ಅದು ಸಾಧಾರಣ ಬರ, ಅದಕ್ಕೂ ಇಳಿದರೆ ತೀವ್ರ ಬರ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ವಾಡಿಕೆಯೇ 3000 ಮಿ.ಮೀ. ಮೀರುತ್ತದೆ. ಅದರಲ್ಲಿ ಕಾಲು ಭಾಗ ಕಳೆದರೂ ಉಳಿಯುವುದು ಕೋಲಾರದ ಇಡೀ ವರ್ಷದ ಮಳೆಯ ಎರಡು ಪಟ್ಟಿಗಿಂತ ಹೆಚ್ಚು. ಅಷ್ಟು ಸುರಿದ ಊರಿನವರು ಬರ ಎಂದರೆ ನಂಬುವವರು ಯಾರು?

1993ರಲ್ಲಿ ಅಮೆರಿಕದ ಕೊಲರಾಡೊದ ವಿಜ್ಞಾನಿ ಮೆಕ್‌ಕೀ ಮತ್ತು ಸಂಗಡಿಗರು ರೂಪಿಸಿದ ಪ್ರಮಾಣೀಕೃತ ಮಳೆ ಸೂಚ್ಯಂಕ ಈ ತೊಡಕನ್ನು ಅರ್ಧ ಬಿಡಿಸಿತು. ಒಂದು ಊರನ್ನು ಅದರದೇ ಹಲವು ದಶಕಗಳ ದಾಖಲೆಯೊಂದಿಗೆ ಅದು ತೂಗುತ್ತದೆ. ಮೂರು ತಿಂಗಳಿಗೆ, ಹನ್ನೆರಡು ತಿಂಗಳಿಗೆ ಬೇರೆ ಬೇರೆ ಅಂಕ ಕೊಡುತ್ತದೆ. ಆದರೆ ನಮ್ಮ ಕಡೆ ಜನವರಿ, ಫೆಬ್ರವರಿಗಳ ವಾಡಿಕೆ ಹೆಚ್ಚುಕಡಿಮೆ ಸೊನ್ನೆ. ಆಗ ಒಂದು ಅಡ್ಡಮಳೆ ಬಂದರೂ ಸಾಕು, ಆ ತಿಂಗಳ ಅಂಕ ಮೇಲಕ್ಕೆ ಹಾರುತ್ತದೆ. ಬಾವಿಗೆ ಅದರಿಂದ ಒಂದು ಕೊಡವೂ ಸೇರದು. ಹನ್ನೆರಡು ತಿಂಗಳ ಅಂಕವಾದರೋ ಜುಲೈಯ ಅಬ್ಬರದಲ್ಲೇ ಮುಳುಗಿಹೋಗುತ್ತದೆ.

ನನ್ನ ಮಟ್ಟಿಗೆ ಕರಾವಳಿಯ ಬರ ಅಡಗಿರುವುದು ಮಳೆಯ ಮೊತ್ತದಲ್ಲಲ್ಲ, ಅದರ ಹಂಚಿಕೆಯಲ್ಲಿ. ಮುನ್ನೂರು ಮಿಲಿಮೀಟರು ಹತ್ತು ದಿನ ಜಿನುಗಿದರೆ ಮುರಕಲ್ಲಿನ ನೆಲ ಕುಡಿಯುತ್ತದೆ. ಒಂದೇ ದಿನ ಬಿದ್ದರೆ ಘಟ್ಟದಿಂದ ಕಡಲಿಗೆ ಗಿಡ್ಡ ದಾರಿ ಹಿಡಿದ ಹೊಳೆ ಅದನ್ನು ಒಯ್ದುಬಿಡುತ್ತದೆ. ದಾಖಲೆಯ ಪುಸ್ತಕದಲ್ಲಿ ಎರಡರ ಮೊತ್ತವೂ ಒಂದೇ. 2018ರ ಸೆಪ್ಟೆಂಬರಿನಲ್ಲಿ ಮಳೆ ಕೈಕೊಟ್ಟದ್ದು ಆಗಸ್ಟಿನ ನೆರೆಯ ಹಿಂದೆ ಮರೆಯಾಯಿತು. ಒಸರನ್ನು ಬೇಸಿಗೆಯವರೆಗೆ ಕಾಯುವುದು ಅಂಥ ಕೊನೆಯ ಮಳೆಗಳೇ. ಏಣೆಲು ಎಂಬ ಮಳೆಗಾಲದ ಭತ್ತದ ಬೆಳೆಗೆ ನೀರು ಕಟ್ಟಿ ನಿಲ್ಲಿಸುತ್ತಿದ್ದ ಬೈಲುಗದ್ದೆಗಳು ಕಡಿಮೆಯಾಗಿ, ತೋಡಿಗೆ ಹಾಕುತ್ತಿದ್ದ ಮಣ್ಣುಕಲ್ಲಿನ ಕಟ್ಟಗಳೂ ಬಿಟ್ಟುಹೋದ ಮೇಲೆ, ಅಷ್ಟೇ ಮಳೆ ಈಗ ಮೊದಲಿನಷ್ಟು ದಿನ ಉಳಿಯುತ್ತಿಲ್ಲ. ಇದನ್ನು ಯಾವ ಮಳೆಮಾಪಕವೂ ಕಾಣದು.

ಹಾಗೆಂದು ಮಳೆಯ ದಾಖಲೆಯನ್ನು ನಾನು ಹಳಿಯುವುದಿಲ್ಲ. ದಿನದಿನದ ಅಂಕಿ ಬರೆದಿಟ್ಟವರಿಗೆ ನಾವು ಋಣಿಗಳು. ಆ ದಿನದ ಅಂಕಿಗಳನ್ನೇ ಓದಬೇಕು: ಎಷ್ಟು ದಿನ ಮಳೆ ಬಂತು, ನಡುವೆ ಎಷ್ಟು ದಿನ ಬಿಟ್ಟಿತು, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಎಷ್ಟು ಸಿಕ್ಕಿತು. ಪಕ್ಕದಲ್ಲಿ ಬಾವಿಯ ನೀರಿನ ಮಟ್ಟವೂ ಇರಬೇಕು. ನನ್ನ ಅಮ್ಮ ಎಪ್ರಿಲಿನಲ್ಲಿ ಕೊಡಪಾನದ ಹಗ್ಗಕ್ಕೆ ಇನ್ನೊಂದು ಮಾರು ಗಂಟು ಹಾಕುತ್ತಿದ್ದಳು. ಯಾವ ವರ್ಷ ಆ ಗಂಟು ಮಾರ್ಚಿನಲ್ಲೇ ಬಿತ್ತೆಂದು ಅವಳಿಗೆ ನೆನಪಿರುತ್ತಿತ್ತು. ಆ ತಾರೀಕು ಮಳೆಯ ಪುಸ್ತಕಕ್ಕೆ ಸೇರಲಿ.