ಟೂಲ್ ಇದ್ರೆ ಟೆಸ್ಟ್ ಯಾಕೆ ಅನ್ನೋರಿಗೆ...

"ಪೈಥಾನ್ ಕೋಡ್ ರಿಫ್ಯಾಕ್ಟರ್ ಮಾಡೋಕೆ ಒಳ್ಳೇ ಟೂಲ್ ಯಾವುದಿದೆ ಮಾರಾಯಾ?" ನಮ್ಮ ಆಫೀಸಿನಲ್ಲಿ ವಾರಕ್ಕೊಬ್ಬರು ಇದನ್ನ ಕೇಳ್ತಾರೆ. ಕೇಳಿ ಕೇಳಿ ಸಾಕಾಗಿ ಇವತ್ತು ನಿಮ್ಮ ತಲೆ ತಿಂತಿದ್ದೀನಿ, ಸಹಿಸ್ಕೊಳ್ಳಿ :)

ಟೂಲ್‌ಗಳಿಗೆ ಬರ ಇಲ್ಲ ಸ್ವಾಮಿ. ಹಿಂದೆ ಬೈಸಿಕಲ್ ರಿಪೇರ್ ಮ್ಯಾನ್ ಅಂತೊಂದಿತ್ತು (ಹೆಸರು ಮಾಂಟಿ ಪೈಥಾನ್ ಕಾಮಿಡಿಯಿಂದ ಬಂದದ್ದು). ಆಮೇಲೆ ರೋಪ್ ಬಂತು, 2010ರಲ್ಲಿ ಪೈಚಾರ್ಮ್ ಬಂತು. ಹೆಸರು ಬದಲಿಸೋದು, ಉದ್ದದ ಫಂಕ್ಷನ್ನಿಂದ ತುಂಡು ತೆಗೆದು ಇನ್ನೊಂದು ಫಂಕ್ಷನ್ ಮಾಡೋದು, ಎಲ್ಲ ಚೆನ್ನಾಗೇ ಮಾಡ್ತವೆ. ನನ್ನ ತಕರಾರು ಟೂಲ್ ಮೇಲಲ್ಲ, ಟೂಲ್ ಇದೆಯಲ್ಲ ಅಂತ ಟೆಸ್ಟ್ ಬರೆಯದವರ ಮೇಲೆ.

ಹೋದ ತಿಂಗಳು ಒಂದು ಮೆಥಡ್‌ನ ಹೆಸರು ಬದಲಿಸಿದೆ. ಟೂಲ್ 40 ಕಡೆ ಹುಡುಕಿ ತಿದ್ದಿಕೊಡ್ತು. ಒಂದು ಕಡೆ ಮಾತ್ರ ಯಾರೋ ಪುಣ್ಯಾತ್ಮ ಎರಡು ಸ್ಟ್ರಿಂಗ್ ಜೋಡಿಸಿ ಆ ಹೆಸರು ಕಟ್ಟಿ ಗೆಟ್‌ಆಟರ್‌ಗೆ ಕೊಟ್ಟಿದ್ದ. ಆ ಫೈಲಿನಲ್ಲಿ ಪೂರ್ತಿ ಹೆಸರೇ ಇಲ್ಲ, ಟೂಲ್ ಏನನ್ನ ಹುಡುಕೀತು? ಪೈಥಾನ್ ಕೂಡ ಆ ಸಾಲು ಓಡೋವರೆಗೂ ತುಟಿ ಬಿಚ್ಚಲ್ಲ. ಅದು ತಿಂಗಳ ಕೊನೆಯ ಬಿಲ್ ಮಾಡೋ ಸಾಲು! ರಾತ್ರಿ 2 ಗಂಟೆಗೆ ಆಟ್ರಿಬ್ಯೂಟ್ ಎರರ್, ನನಗೆ ಫೋನು. ಬೆಳಿಗ್ಗೆ ನಮ್ಮ ಲೀಡ್ ತೀರ್ಪು: "ಆ ಟೂಲ್ ಸರಿಯಿಲ್ಲ, ಬೇರೆ ನೋಡು."

ಬೇರೆ ಟೂಲ್ ಏನು ಕಣಿ ಹೇಳುತ್ತಾ? ಒಂದು ವೇರಿಯೇಬಲ್ ಮೇಲೆ ಸೇವ್ ಅಂತ ಕರೆದ್ರೆ, ಅದು ಯಾವ ಕ್ಲಾಸಿನ ಸೇವ್ ಅನ್ನೋದು ಪ್ರೋಗ್ರಾಮ್ ಓಡುವಾಗಲೇ ನಿರ್ಧಾರ ಆಗೋದು. ಎಷ್ಟೋ ಸಲ ಟೂಲ್ ಅಂದಾಜು ಮಾಡಬೇಕಾಗುತ್ತೆ. 2015ರಲ್ಲಿ ಪೈಥಾನ್ 3.5 ಜೊತೆ ಟೈಪ್ ಹಿಂಟ್ಸ್ ಬಂದ ಮೇಲೆ ಅಂದಾಜು ಎಷ್ಟೋ ಸುಧಾರಿಸಿದೆ, ಆದ್ರೆ ಅದನ್ನ ಯಾರಾದ್ರೂ ಬರೆದಿರಬೇಕಲ್ಲ? ನಮ್ಮ ಹಳೇ ಕೋಡಿನಲ್ಲಿ ಕಾಮೆಂಟೇ ಇಲ್ಲ, ಇನ್ನು ಹಿಂಟು!

ಕೆಲವರಂತೂ ಬ್ಲ್ಯಾಕ್ ಓಡಿಸಿ, ಸ್ಪೇಸು-ಸಾಲು ಸರಿಯಾದ ಕೂಡ್ಲೇ ರಿಫ್ಯಾಕ್ಟರಿಂಗ್ ಮುಗೀತು ಅಂತಾರೆ. ತಲೆ ಬಾಚಿದ್ರೆ ಜ್ವರ ಇಳಿಯುತ್ತಾ?

ಮಾರ್ಟಿನ್ ಫೌಲರ್ 1999ರ 'ರಿಫ್ಯಾಕ್ಟರಿಂಗ್' ಪುಸ್ತಕದಲ್ಲೇ ಮೊದಲು ಗಟ್ಟಿ ಟೆಸ್ಟ್ ಇಟ್ಕೊಳ್ಳಿ ಅಂತ ಹೇಳಿದಾರೆ. ಪುಸ್ತಕದ ಹೆಸರು ಇಂಟರ್‌ವ್ಯೂನಲ್ಲಿ ಎಲ್ಲರೂ ಹೇಳ್ತಾರೆ, ಆ ಪುಟ ಮಾತ್ರ ಯಾರೂ ತೆರೆದ ಹಾಗಿಲ್ಲ.

ಆ ಬಿಲ್ಲಿನ ಸಾಲಿಗೆ ನಾನೇ ಒಂದು ಟೆಸ್ಟ್ ಬರೆದೆ. 12 ಸಾಲು, ಅರ್ಧ ಗಂಟೆ. ಹೊಸ ಟೂಲಿನ ಲೈಸೆನ್ಸಿಗೆ ಅಪ್ರೂವಲ್ ಇನ್ನೂ ಬಂದಿಲ್ಲ...