ಎದೆ ನಿಂತಿತು ಸರಿ, ನಿಲ್ಲಿಸಿದ್ದು ಯಾವುದು?

ಹಾಸನ ಜಿಲ್ಲೆಯಲ್ಲಿ ಯಾರು ಸತ್ತರೂ ಹೃದಯ ನಿಂತೇ ಸಾಯುತ್ತಾರೆ. ಇದೇನು ಹೊಸ ವಿಷಯ ಅಂತ ಬರೀತೀರಿ ಸ್ವಾಮಿ, ಅಂತ ಓದುಗರು ಕೇಳಬಹುದು. ನಿಜ. ಹೃದಯ ನಿಲ್ಲದೆ ಸತ್ತವರು ಬೇಲೂರಿನಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ. ಆದರೆ ಸಾವಿನ ಕಾರಣ ಬರೆಯಬೇಕಾದ ಸರ್ಕಾರಿ ನಮೂನೆಯಲ್ಲಿ "ಹೃದಯ ಮತ್ತು ಉಸಿರಾಟ ಸ್ತಂಭನ" ಅಂತ ಒಂದು ಸಾಲು ಗೀಚಿ, ರುಜು ಹಾಕಿ, ಮೊಹರು ಒತ್ತಿ ಕಳಿಸಿಬಿಡುತ್ತಾರಲ್ಲ, ನಮ್ಮ ತಕರಾರು ಅದರ ಮೇಲೆ. ಸೇತುವೆ ಕುಸಿದ ಮಾರನೇ ದಿನ ಇಂಜಿನಿಯರು "ಕಾರಣ: ಸೇತುವೆ ಬಿತ್ತು" ಅಂತ ವರದಿ ಕೊಟ್ಟರೆ ನಾವು ಸುಮ್ಮನೆ ಬಿಡುತ್ತೇವೆಯೇ?

ಇದರ ಬಿಸಿ ನನಗೆ ತಟ್ಟಿದ್ದು ಬಂಧುಗಳ ಮನೆಯಲ್ಲಿ. ಅರಕಲಗೂಡು ಕಡೆಯ ರೈತ. ನಲವತ್ತು ದಾಟಿರಲಿಲ್ಲ. ರಾತ್ರಿ ಕರೆಂಟು ಬಂದಾಗ ಗದ್ದೆಗೆ ನೀರು ಕಟ್ಟಲು ಹೋದವನಿಗೆ ಕೊಳಕುಮಂಡಲ ಕಚ್ಚಿತು. ನಾಟಿ ಔಷಧಿ ಅಂತ ಅರ್ಧ ದಿನ ಕಳೆದು, ಆಮೇಲೆ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಸೇರಿಸಿದರು. ಕಿಡ್ನಿ ಕೈಕೊಟ್ಟಿತು. ಐದನೇ ದಿನ ಹೋದ. ಹೆಣ ಕುಯ್ಯಿಸುವುದು ಬೇಡ ಅಂತ ಊರ ಹಿರಿಯರು ಹಟ ಹಿಡಿದರು. ಯಾರೂ ಎದುರು ಹೇಳಲಿಲ್ಲ. ನಾನೂ ಹೇಳಲಿಲ್ಲ.

ತಿಂಗಳ ಮೇಲೆ ಅವನ ಹೆಂಡತಿ ಬ್ಯಾಂಕಿಗೆ ಹೋದಳು. ಗಂಡನ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಮುರಿದುಕೊಳ್ಳುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಇತ್ತು. ಅಪಘಾತದಲ್ಲಿ ಸತ್ತರೆ 2 ಲಕ್ಷ. ಹಾವು ಕಚ್ಚಿ ಸತ್ತರೂ ಅದು ಅಪಘಾತವೇ, ಆದರೆ ಆಸ್ಪತ್ರೆ ಕಾಗದ ಹಾಗೆ ಹೇಳಬೇಕು. ಗುಮಾಸ್ತ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ, "ಅಕ್ಕ, ಇದ್ರಲ್ಲಿ ಹಾವು ಅಂತ ಎಲ್ಲಿದೆ? ಹಾರ್ಟು ನಿಂತೋಯ್ತು ಅಂತ ಬರ್ದವ್ರಲ್ಲ" ಅಂದ. ಅವಳ ಜೊತೆ ನಾನೇ ಹೋಗಿ ಡಾಕ್ಟರನ್ನು ಕೇಳಿದೆ. "ಕೊನೇಲಿ ಆಗಿದ್ದು ಅದೇ ಅಲ್ವೇನ್ರೀ?" ಅಂದರು. ಆ ಅರ್ಜಿ ಇವತ್ತಿಗೂ ಮೇಜಿನಿಂದ ಮೇಜಿಗೆ ಅಲೆಯುತ್ತಿದೆ.

ಡಾಕ್ಟರೊಬ್ಬರನ್ನೇ ಬೈದು ಮುಗಿಸಿದರೆ ಅನ್ಯಾಯವಾದೀತು. ಅವರು ಬರೆದದ್ದನ್ನು ಆಮೇಲೆ ಓದುವವರು ಯಾರು? "ಸಾರ್, ಇದು ಕಾರಣ ಅಲ್ಲ, ಸರಿಯಾಗಿ ಬರ್ದು ಕೊಡಿ" ಅಂತ ವಾಪಸ್ ಕಳಿಸುವವರು ಯಾರು? ಆ ಕೆಲಸವನ್ನೇ ಕಸುಬಾಗಿ ಕಲಿತು ಕೂತವರು ನಾನು ಸುತ್ತಿದ ಕಚೇರಿಗಳಲ್ಲಿ ಒಬ್ಬರೂ ಸಿಗಲಿಲ್ಲ. ಈ ಹೊತ್ತಿನ ಮಾತು ಆ ಖಾಲಿ ಕುರ್ಚಿಯದು.

ಚೀಟಿಯ ಮೂರು ಸಾಲು

ಜನನ ಮರಣ ನೋಂದಣಿ ಕಾಯಿದೆ ಬಂದದ್ದು 1969ರಲ್ಲಿ. ಅದರ ಪ್ರಕಾರ ಆಸ್ಪತ್ರೆಯಲ್ಲಿ ಸತ್ತರೆ ವೈದ್ಯರು ನಮೂನೆ 4 ಬರೆಯಬೇಕು. ಮನೆಯಲ್ಲಿ ಸತ್ತು, ಕೊನೆಯ ಕಾಯಿಲೆಗೆ ನೋಡಿದ ವೈದ್ಯರಿದ್ದರೆ 4ಎ. ಅದರಲ್ಲಿ ಒಂದರ ಕೆಳಗೊಂದು ಮೂರು ಸಾಲು. ಮೇಲಿನ ಸಾಲಿಗೆ ಕೊನೆಯ ಪೆಟ್ಟು, ಅದರ ಕೆಳಗೆ ಆ ಪೆಟ್ಟಿಗೆ ಕಾರಣವಾದದ್ದು, ತಳದಲ್ಲಿ ಎಲ್ಲಕ್ಕೂ ಮೂಲವಾದದ್ದು. ಹೃದಯ ನಿಂತಿತು, ನಿಶ್ಶಕ್ತಿ ಆಯಿತು ಎಂಬಂಥ ಸಾಯುವ ರೀತಿಯನ್ನು ಬರೆಯಬೇಡಿ ಅಂತ ಆ ನಮೂನೆಯಲ್ಲೇ ಅಚ್ಚು ಹಾಕಿದೆ. ಅಚ್ಚಾದ ಅಕ್ಷರದ ಪಕ್ಕದಲ್ಲೇ ಅದನ್ನೇ ಬರೆಯುವವರಿಗೆ ಏನೆನ್ನೋಣ!

ನಮ್ಮ ರೈತನ ಚೀಟಿ ಹೇಗಿರಬೇಕಿತ್ತು? ಮೇಲೆ ಕಿಡ್ನಿ ವೈಫಲ್ಯ, ಕೆಳಗೆ ಹಾವಿನ ವಿಷ, ಮಂಡಲದ ಕಡಿತ. ಎರಡು ಸಾಲು ಹೆಚ್ಚಿಗೆ. ಅರ್ಧ ನಿಮಿಷದ ಕೆಲಸ.

ಚೀಟಿ ಬರೆದ ಮೇಲೆ ಸಂಖ್ಯೆ ಹಾಕುವವರ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯೊಂದಿದೆ, ಮೂರು ದಪ್ಪ ಸಂಪುಟ. 1893ರಲ್ಲಿ ಫ್ರಾನ್ಸಿನ ಬರ್ಟಿಲಾನ್ ಎಂಬಾತ ಅದರ ಮೊದಲ ಕರಡು ಮಂಡಿಸಿದ್ದ. ಈಗ ಬಳಕೆಯಲ್ಲಿರುವುದು ಹತ್ತನೆಯ ಪರಿಷ್ಕರಣ. ಹನ್ನೊಂದನೆಯದು 2022ರ ಜನವರಿಯಲ್ಲಿ ಜಾರಿಗೆ ಬಂದಿದೆ, ದೇಶಗಳು ಒಂದೊಂದಾಗಿ ಅದರತ್ತ ಹೊರಳುತ್ತಿವೆ. ಸಂಖ್ಯೆ ಹಾಕುವವನು ಮೂರೂ ಸಾಲು ಓದಿ, ನಿಯಮ ನೋಡಿ, ಸಾವಿನ ಸರಪಳಿಗೆ ಮೊದಲ ಕೊಂಡಿ ಯಾವುದೆಂದು ಗೊತ್ತುಮಾಡಿ ಅದರ ಸಂಖ್ಯೆ ಬರೆಯಬೇಕು. ರಕ್ತಕ್ಕೆ ನಂಜೇರಿ ಸತ್ತ, ನಂಜೇರಿದ್ದು ಕೊಳೆತ ಕಾಲಿನಿಂದ, ಕಾಲು ಕೊಳೆತದ್ದು ಸಕ್ಕರೆ ಕಾಯಿಲೆಯಿಂದ ಅಂದರೆ, ಲೆಕ್ಕ ಸೇರಬೇಕಾದ್ದು ಸಕ್ಕರೆ ಕಾಯಿಲೆಗೆ. ಚೀಟಿಯಲ್ಲಿ ಬರೀ ಹೃದಯ ಸ್ತಂಭನ ಅಂತಿದ್ದರೆ ಅವನು ತಾನೇ ಏನು ಮಾಡಿಯಾನು? ಐ 46 ಅಂತ ಹಾಕಿ ಮುಂದಿನ ಚೀಟಿಗೆ ಹೋಗುತ್ತಾನೆ. ಈ ಲೆಕ್ಕದ ಪಂಡಿತರು ಇಂಥ ಸಂಖ್ಯೆಗಳಿಗೆ ಕಸದ ಸಂಖ್ಯೆ ಅಂತಲೇ ಹೆಸರಿಟ್ಟಿದ್ದಾರೆ.

ಈ ಪಟ್ಟಿ ನಮಗೆ ದೂರದ್ದು ಅಂತ ತಿಳಿಯಬೇಡಿ. ಎ 98.2 ಅಂದರೆ ಏನು ಗೊತ್ತೇ? ಕ್ಯಾಸನೂರು ಕಾಡಿನ ಕಾಯಿಲೆ, ನಮ್ಮ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕಡೆ ಕಾಣಿಸಿಕೊಂಡ ಆ ಜ್ವರದಿಂದ ಮಲೆನಾಡಿನ ಒಂದು ಕಾಡಿನ ಹೆಸರು ಜಗತ್ತಿನ ಆಸ್ಪತ್ರೆಗಳ ಪಟ್ಟಿ ಸೇರಿದೆ. ವಿಷದ ಹಾವು ಕಚ್ಚಿದರೆ ಎಕ್ಸ್ 20. ಕೀಟನಾಶಕ ಆಕಸ್ಮಿಕವಾಗಿ ಒಳಹೋಗಿ ಸತ್ತರೆ ಎಕ್ಸ್ 48, ಬೇಕೆಂದೇ ಕುಡಿದು ಸತ್ತರೆ ಎಕ್ಸ್ 68. ಒಂದು ಅಂಕಿಯ ವ್ಯತ್ಯಾಸದಲ್ಲಿ ಒಂದು ಮನೆಯ ಕಥೆಯೇ ಬೇರೆಯಾಗುತ್ತದೆ. ಇನ್ನು ಸಕಲೇಶಪುರ, ಆಲೂರಿನಲ್ಲಿ ಆನೆ ತುಳಿದು ಸತ್ತರೆ? ಪಾಪ, ಆನೆಗೆ ಪ್ರತ್ಯೇಕ ಸಂಖ್ಯೆ ಇಲ್ಲ. ಡಬ್ಲ್ಯೂ 55, ಅಂದರೆ ನಾಯಿ ಬಿಟ್ಟು ಇತರ ಸಸ್ತನಿಗಳ ಕಡಿತ ಅಥವಾ ಹೊಡೆತ. ಆನೆ ತುಳಿದರೂ ಅಷ್ಟೆ, ಎಮ್ಮೆ ಹಾಯ್ದರೂ ಅಷ್ಟೆ. ನಮ್ಮ ಜಿಲ್ಲೆಗೆ ಆನೆಯ ಲೆಕ್ಕ ಬೇರೆ ಬೇಕಾದರೆ, ಬೇರೆ ಇಡಬೇಕು ಅಂತ ತಿಳಿದ ಮನುಷ್ಯ ಆ ಕುರ್ಚಿಯಲ್ಲಿ ಇರಬೇಕು.

ಲೆಕ್ಕ ಇಲ್ಲದೆ ಗಾಬರಿ

2025ರ ಜೂನ್, ಜುಲೈ ನೆನಪಿಸಿಕೊಳ್ಳಿ. ಹಾಸನದಲ್ಲಿ ಹುಡುಗರೆಲ್ಲ ಹೃದಯಾಘಾತದಿಂದ ಸಾಯುತ್ತಿದ್ದಾರೆ ಅಂತ ನಾಡೆಲ್ಲ ಹುಯಿಲೆದ್ದಿತು. ಜನ ಬೆಳಗಿನ ಜಾವವೇ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಅಸಹಜ ಏರಿಕೆ ಕಂಡಿಲ್ಲ ಅಂತ ವರದಿ ಬಂತು. ಆಸ್ಪತ್ರೆ ಹೊರಗೆ ಆಗುವ ಹಠಾತ್ ಸಾವುಗಳನ್ನು ಇನ್ನು ಮೇಲೆ ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಆರೋಗ್ಯ ಸಚಿವರು ಪ್ರಕಟಿಸಿದರು. ಒಳ್ಳೆಯದೇ.

ಆದರೆ ಕೇಳಬೇಕಾದ ಪ್ರಶ್ನೆ ಬೇರೆ. ಜಾಸ್ತಿ ಆಗಿದೆಯೋ ಇಲ್ಲವೋ ಅನ್ನಲು ಹಿಂದಿನ ಹತ್ತು ವರ್ಷದ ಶುದ್ಧ ಲೆಕ್ಕ ಬೇಡವೇ? ಹೃದಯಾಘಾತದಿಂದ ಸತ್ತವರೂ, ಹೃದಯ ನಿಂತು ಸತ್ತವರೂ ಒಂದೇ ಗೋಣಿಚೀಲದಲ್ಲಿದ್ದರೆ ಆರಿಸುವುದು ಹೇಗೆ? ಜಿಲ್ಲೆಯ ಸಾವಿನ ಪಟ್ಟಿ ಸರಿಯಾಗಿ ಸಂಖ್ಯೆ ಬಿದ್ದು ಕೂತಿದ್ದರೆ ಒಂದು ಮಧ್ಯಾಹ್ನದಲ್ಲಿ ಉತ್ತರ ಸಿಕ್ಕುತ್ತಿತ್ತು. ಅಷ್ಟು ಜನ ನಿದ್ದೆ ಕೆಡಿಸಿಕೊಳ್ಳುತ್ತಿರಲಿಲ್ಲ.

ದೇಶದ ಪಾಡೂ ಇದೇ. 2020ರಲ್ಲಿ ನೋಂದಣಿಯಾದ ಸಾವು 81 ಲಕ್ಷಕ್ಕೂ ಹೆಚ್ಚು. ಅದರಲ್ಲಿ ವೈದ್ಯರು ಕಾರಣ ಬರೆದುಕೊಟ್ಟದ್ದು ನೂರಕ್ಕೆ 23ನ್ನೂ ಮುಟ್ಟಲಿಲ್ಲ. ಉಳಿದದ್ದು ಮನೆಯವರು ಹೇಳಿದ್ದು: "ವಯಸ್ಸಾಗಿತ್ತು", "ಜ್ವರ ಬಂದಿತ್ತು", "ಎದೆ ಹಿಡ್ಕೊಂಡ್ರು". ಹಳ್ಳಿಯ ನೋಂದಣಿ ಪುಸ್ತಕ ಹಾಗೇ ತುಂಬುತ್ತದೆ.

ಸರಿಯಾಗಿ ಕೇಳಿ, ಸರಿಯಾಗಿ ಸಂಖ್ಯೆ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ಹಾವೇ ಸಾಕ್ಷಿ. ದೇಶದುದ್ದಕ್ಕೂ ಸಾವಾದ ಮನೆಗಳಿಗೆ ಹೋಗಿ, ನಡೆದದ್ದನ್ನು ಕೇಳಿ ಬರೆದುಕೊಂಡು, ಪ್ರತಿ ವರದಿಯನ್ನು ಇಬ್ಬರು ವೈದ್ಯರಿಂದ ಬೇರೆಬೇರೆಯಾಗಿ ಓದಿಸಿ ಕಾರಣ ಗೊತ್ತುಮಾಡಿದ ಅಧ್ಯಯನವೊಂದು ನಡೆಯಿತು. 2005ರಲ್ಲಿ ಹಾವು ಕಚ್ಚಿ ಸತ್ತ ಭಾರತೀಯರು ಸುಮಾರು 46,000 ಅಂತ ಅದು 2011ರಲ್ಲಿ ತೋರಿಸಿತು. ಆಸ್ಪತ್ರೆಗಳಿಂದ ಬರುತ್ತಿದ್ದ ಸರ್ಕಾರಿ ಲೆಕ್ಕ ಇದರ ಸಣ್ಣ ಚೂರು. ನಮ್ಮ ರಾಜ್ಯ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಯಾವ ತಾಲ್ಲೂಕಿಗೆ ಎಷ್ಟು ವಿಷ ಇಳಿಸುವ ಔಷಧಿ ಬೇಕು ಅನ್ನುವುದು ಈ ಲೆಕ್ಕದಿಂದ ತಾನೇ ಗೊತ್ತಾಗಬೇಕು?

ಕಸುಬು ಹಳೇದು, ಹುದ್ದೆ ಇಲ್ಲ

ಈ ಕಸುಬು ಹೊಸದೇನಲ್ಲ. ನಾನೂರು ವರ್ಷದ ಹಿಂದೆ ಲಂಡನ್ನಿನಲ್ಲಿ ಬಡ ಮುದುಕಿಯರಿಗೆ ನಾಲ್ಕು ಕಾಸು ಕೊಟ್ಟು ಹೆಣ ನೋಡಲು ಕಳಿಸುತ್ತಿದ್ದರು. ಅವರು ಹೇಳಿದ ಕಾರಣ ವಾರದ ಪಟ್ಟಿಯಲ್ಲಿ ಅಚ್ಚಾಗುತ್ತಿತ್ತು. 1662ರಲ್ಲಿ ಜಾನ್ ಗ್ರಾಂಟ್ ಎಂಬ ಜವಳಿ ವ್ಯಾಪಾರಿ ಆ ಪಟ್ಟಿಗಳನ್ನೆಲ್ಲ ಕೂಡಿಸಿ ಪುಸ್ತಕ ಬರೆದ. ಮಾನಗೇಡಿ ರೋಗದಿಂದ ಸತ್ತವರ ಕಡೆಯವರು ಒಂದು ಲೋಟ ಬಿಯರು ಕುಡಿಸಿ, ಕೈಬೆಚ್ಚಗೆ ಮಾಡಿ, ಬೇರೆ ಕಾರಣ ಬರೆಸುತ್ತಾರೆ ಅಂತ ಅವನು ಆಗಲೇ ಗೊಣಗಿದ್ದ. ನೋಡಿದಿರಾ, ಎಲ್ಲ ಊರಿನ ಬುದ್ಧಿಯೂ ಒಂದೇ!

ಇನ್ನೊಂದು ತಮಾಷೆ ಕೇಳಿ. ನಮ್ಮ ಜಿಲ್ಲೆಯಿಂದಲೇ ಬಿ.ಎಸ್ಸಿ. ಮುಗಿಸಿದ ಹೆಣ್ಣುಮಕ್ಕಳು, ಹುಡುಗರು ಬೆಂಗಳೂರಿನಲ್ಲಿ ಮೆಡಿಕಲ್ ಕೋಡಿಂಗ್ ಕಂಪನಿಗಳಲ್ಲಿ ಕೂತು ಕೆಲಸ ಮಾಡುತ್ತಿದ್ದಾರೆ. ಏನು ಕೆಲಸ? ಅಮೆರಿಕದ ಆಸ್ಪತ್ರೆಗಳ ಬಿಲ್ಲಿಗೆ ಇದೇ ಪಟ್ಟಿಯ ಅಮೆರಿಕನ್ ಆವೃತ್ತಿ ನೋಡಿಕೊಂಡು ಸಂಖ್ಯೆ ಹಾಕುವುದು! ಅಲ್ಲಿನವರ ಮಂಡಿನೋವಿಗೆ ನಮ್ಮ ಹುಡುಗಿ ಸಂಖ್ಯೆ ಹಾಕುತ್ತಾಳೆ. ಅವಳ ಸ್ವಂತ ಅಜ್ಜ ಹೊಳೆನರಸೀಪುರದಲ್ಲಿ ತೀರಿಕೊಂಡರೆ "ವಯಸ್ಸಾಗಿತ್ತು". ಬುದ್ಧಿವಂತರಿಗೆ ಬರವಿಲ್ಲ, ಕುರ್ಚಿಗೆ ಬರ. ರಾಜ್ಯದ ಪ್ಯಾರಾ ಮೆಡಿಕಲ್ ಬೋರ್ಡಿನಲ್ಲಿ ವೈದ್ಯಕೀಯ ದಾಖಲೆಗಳ ಡಿಪ್ಲೊಮಾ ಇದೆ. ಓದಿದವರಿಗೆ ಆಸ್ಪತ್ರೆಯ ರೆಕಾರ್ಡ್ ರೂಮಿನ ಧೂಳು. ಸಾವಿನ ಕಾರಣ ಓದಬಲ್ಲೆ ಅನ್ನುವ ವಿದ್ಯೆಗೆ ಮರ್ಯಾದೆಯ ಹೆಸರಿಲ್ಲ, ಬಡ್ತಿಯ ದಾರಿ ಇಲ್ಲ.

ಕಂಪ್ಯೂಟರ್ ಮಾಡುತ್ತೆ ಬಿಡಿ, ಆಳು ಯಾಕೆ ಅನ್ನುವವರೂ ಇದ್ದಾರೆ. ಐರಿಸ್ ಅನ್ನುವ ತಂತ್ರಾಂಶ ಹಲವು ದೇಶಗಳಲ್ಲಿ ಈ ಸಂಖ್ಯೆ ಹಾಕುತ್ತದೆ, ನಿಜ. ಆದರೆ ತೊಡಕಿನ ಚೀಟಿ ಬಂದಾಗ ಅದೂ ಕೈಚೆಲ್ಲಿ ಮನುಷ್ಯನ ಮುಂದೆ ಇಡುತ್ತದೆ. ಡಾಕ್ಟರಿಗೆ ಫೋನು ಮಾಡಿ "ಹಾವು ಕಚ್ಚಿತ್ತಲ್ಲವೇ ಸಾರ್?" ಅಂತ ಕೇಳುವ ಯಂತ್ರ ನಮ್ಮ ಕಚೇರಿಗಂತೂ ಬಂದಿಲ್ಲ. ಹೊಟ್ಟು ಹಾಕಿದರೆ ಗಿರಣಿ ಅಕ್ಕಿ ಕೊಡುವುದಿಲ್ಲ.

ಆದ್ದರಿಂದ ಜಿಲ್ಲಾಧಿಕಾರಿಗಳಲ್ಲಿ, ಆರೋಗ್ಯ ಇಲಾಖೆಯವರಲ್ಲಿ ಮತ್ತು ಸಾಂಖ್ಯಿಕ ಇಲಾಖೆಯವರಲ್ಲಿ ನಮ್ಮ ಬಿನ್ನಹ ಇಷ್ಟೇ. ಎಂಟೂ ತಾಲ್ಲೂಕಿಗೆ ತಲಾ ಒಬ್ಬರಂತೆ, ಈ ಪಟ್ಟಿ ಕಲಿತವರನ್ನು ಖಾಯಂ ಹುದ್ದೆಯಲ್ಲಿ ಕೂರಿಸಿ. ಅರೆಬರೆ ಚೀಟಿಯನ್ನು ವಾಪಸ್ ಕಳಿಸುವ ಅಧಿಕಾರ ಅವರಿಗೆ ಕೊಡಿ. ಹೊಸದಾಗಿ ಡ್ಯೂಟಿಗೆ ಬರುವ ಡಾಕ್ಟರಿಗೆ ಅರ್ಧ ದಿನ ಕೂರಿಸಿ ಮೂರು ಸಾಲು ಬರೆಯುವುದು ಕಲಿಸಿ. ವರ್ಷಕ್ಕೊಮ್ಮೆ ಜಿಲ್ಲೆಯ ಸಾವಿನ ಕಾರಣಗಳ ಪಟ್ಟಿಯನ್ನು, ಹೆಸರಿಲ್ಲದೆ, ಪ್ರಕಟಿಸಿ. ನಾವೇ ಪುಕ್ಕಟೆ ಅಚ್ಚು ಹಾಕುತ್ತೇವೆ.

ಓದುಗರಿಗೂ ಒಂದು ಮಾತು. ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ, ಅದು ಕಾನೂನು. ಆದರೆ ಕಾಯಿದೆ ತಿದ್ದುಪಡಿಯಾಗಿ, 2023ರ ಅಕ್ಟೋಬರ್ 1ರಿಂದ, ಆಸ್ಪತ್ರೆಯವರು ಕಾರಣದ ಚೀಟಿಯ ಒಂದು ಪ್ರತಿಯನ್ನು ಹತ್ತಿರದ ಸಂಬಂಧಿಗೆ ಕಾಸಿಲ್ಲದೆ ಕೊಡಬೇಕು. ದುಃಖದಲ್ಲಿ ಯಾರಿಗೆ ಬೇಕು ಕಾಗದ ಅನ್ನಿಸುತ್ತದೆ. ಆದರೂ ಮನೆಯಲ್ಲಿ ಯಾರಾದರೂ ಒಬ್ಬರು ಗಟ್ಟಿ ಮನಸ್ಸು ಮಾಡಿ ಕೇಳಿ ಪಡೆಯಿರಿ, ಅಲ್ಲೇ ನಿಂತು ಓದಿಸಿಕೊಳ್ಳಿ. ಅದರಲ್ಲಿ ಬರೀ ಹೃದಯ ನಿಂತಿತು ಅಂತಿದ್ದರೆ, "ಯಾತಕ್ಕೆ ನಿಂತಿತು ಸಾರ್?" ಅಂತ ಕೇಳಿ.

ಆ ರೈತನ ಹೆಂಡತಿಗೆ ಅವತ್ತು ಹಾಗೆ ಕೇಳುವುದು ಗೊತ್ತಿರಲಿಲ್ಲ. ಜೊತೆಯಲ್ಲಿದ್ದ ನನಗೂ ಗೊತ್ತಿರಲಿಲ್ಲ.